ಡಿಕ್ರಿ ಬಂತು, ಪಹಣಿ ಏಕೆ ಬರಲಿಲ್ಲ?

ಕಾನೂನು ಅಂಕಣ: ತೀರ್ಪಿನ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳ ಜೊತೆಗೆ ಹಲವು ಓದುಗರು ತೀರ್ಪಿನ ಕೊನೆಯ ಪುಟದ ಜೆರಾಕ್ಸ್ ಪ್ರತಿಯನ್ನೂ ಇಟ್ಟು, ಅದರಲ್ಲಿ ಒಂದೊಂದು ಪದದ ಕೆಳಗೆ ಗೆರೆ ಎಳೆದು, ಇದರ ಅರ್ಥವೇನೆಂದು ಕೇಳಿದ್ದಾರೆ. ಎಲ್ಲಕ್ಕೂ ಇಲ್ಲಿ ಜಾಗ ಸಾಲದು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇನೆ, ಬರೆದವರ ಹೆಸರು, ಊರು, ದಾವೆಯ ಸಂಖ್ಯೆಗಳನ್ನು ಬಿಟ್ಟಿದ್ದೇನೆ. ಓದುವಾಗ ಒಂದು ಸಂಗತಿ ನೆನಪಿನಲ್ಲಿದ್ದರೆ ಅನುಕೂಲ. ತೀರ್ಪಿನ ಪ್ರತಿಯೊಂದು ಪದವೂ ಆ ನ್ಯಾಯಾಲಯದ ಮುಂದೆ ಆ ದಿನ ಇದ್ದ ಕಾಗದಕ್ಕೆ, ಅಂದರೆ ಆ ದಾವೆಗೋ ಅರ್ಜಿಗೋ ಮೇಲ್ಮನವಿಗೋ, ಸಂಬಂಧಿಸಿದ್ದು. ಅದು ಯಾವ ಕಾಗದ, ಯಾರು ಹಾಕಿದ್ದು ಎಂಬುದನ್ನು ನೋಡದೆ ಪದವೊಂದನ್ನೇ ಹಿಡಿದುಕೊಂಡರೆ ಗೆದ್ದವರು ಸೋತೆವೆಂದು ಕಂಗಾಲಾಗುವುದೂ, ಸೋತವರು ಪೇಡಾ ಹಂಚುವುದೂ ನಡೆಯುತ್ತದೆ. ಎರಡನ್ನೂ ನಾನು ಕೋರ್ಟಿನ ಆವರಣದಲ್ಲಿ ನೋಡಿದ್ದೇನೆ.

ಪ್ರಶ್ನೆ: ನಮ್ಮ ತಾಯಿ ತವರಿನ ಆಸ್ತಿಯಲ್ಲಿ ಪಾಲು ಕೇಳಿ ಹಾಕಿದ್ದ ದಾವೆ 2011ರಲ್ಲಿ ಅವರಂತೆ ಆಯಿತು. ತೀರ್ಪಿನಲ್ಲಿ ‘ಪ್ರಾಥಮಿಕ ಡಿಕ್ರಿ’ ಎಂದಿದೆ. ಇಷ್ಟು ವರ್ಷವಾದರೂ ಪಹಣಿ ಸೋದರಮಾವಂದಿರ ಹೆಸರಿನಲ್ಲೇ ಬರುತ್ತಿದೆ. ಕಂದಾಯ ಕಚೇರಿಯಲ್ಲಿ ಕೇಳಿದರೆ ‘ಫೈನಲ್ ಡಿಕ್ರಿ ತನ್ನಿ’ ಎನ್ನುತ್ತಾರೆ. 12 ವರ್ಷ ಕಳೆದ ಡಿಕ್ರಿಗೆ ಬೆಲೆಯಿಲ್ಲ ಎಂದು ಮಾವಂದಿರ ಕಡೆಯವರು ಹೇಳುತ್ತಿದ್ದಾರೆ. ಗೆದ್ದ ತೀರ್ಪು ಕೈಯಲ್ಲಿದ್ದೂ ನಾವು ಸೋತಂತಾಯಿತೇ?

ಉತ್ತರ: ಸೋತಿಲ್ಲ, ಕೆಲಸ ಅರ್ಧಕ್ಕೆ ನಿಂತಿದೆ ಅಷ್ಟೆ. ಸಾಕ್ಷಿ ನುಡಿಸಿ, ಹತ್ತಾರು ವಾಯಿದೆಗೆ ತಿರುಗಿ ಪಡೆದ ತೀರ್ಪನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟು ಸುಮ್ಮನಾದ ಕುಟುಂಬ ನಿಮ್ಮದೊಂದೇ ಅಲ್ಲ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರ 2ನೇ ಕಲಂ ತೀರ್ಪು, ಡಿಕ್ರಿ, ಆದೇಶ ಎಂಬ ಮೂರಕ್ಕೂ ಬೇರೆ ಬೇರೆ ಅರ್ಥ ಕೊಡುತ್ತದೆ. ನ್ಯಾಯಾಧೀಶರು ಯಾವ ಸಾಕ್ಷ್ಯ ನಂಬಿದರು, ಯಾವುದನ್ನು ನಂಬಲಿಲ್ಲ, ಏಕೆ ಹೀಗೆ ತೀರ್ಮಾನಿಸಿದರು ಎಂಬ ವಿವರಣೆ ತೀರ್ಪು. ಅದರಿಂದ ಪಕ್ಷಕಾರರ ಹಕ್ಕು ಏನೆಂದು ನಿಶ್ಚಯವಾಯಿತೋ ಅದನ್ನು, ದಾವೆಯ ಸಂಖ್ಯೆ, ಹೆಸರು ವಿಳಾಸ, ಸಿಕ್ಕ ಪರಿಹಾರ, ಖರ್ಚಿನ ಲೆಕ್ಕ ಸಮೇತ ಪ್ರತ್ಯೇಕವಾಗಿ ಬರೆದುಕೊಡುವ ಕಾಗದ ಡಿಕ್ರಿ. ಡಿಕ್ರಿಯಾಗದ ಉಳಿದ ನಿರ್ಣಯಗಳೆಲ್ಲ ಆದೇಶ. ನಮ್ಮ ಕನ್ನಡ ತೀರ್ಪುಗಳ ಕೊನೆಯ ಭಾಗಕ್ಕೂ ‘ಆದೇಶ’ ಎಂದೇ ತಲೆಬರಹ ಕೊಡುವ ರೂಢಿ ಇರುವುದರಿಂದ ಗೊಂದಲವಾಗುತ್ತದೆ. ಅಲ್ಲಿ ಆ ಪದಕ್ಕೆ ‘ಕೊನೆಗೆ ಆದದ್ದೇನು’ ಎಂಬಷ್ಟೇ ಅರ್ಥ. ಆದರೂ ಮೊದಲು ಓದಬೇಕಾದದ್ದು ಆ ಭಾಗವನ್ನೇ.

ನಿಮ್ಮ ಪ್ರತಿಯಲ್ಲಿ ಆ ಭಾಗದ ವಾಕ್ಯ ಸುಮಾರಾಗಿ ಹೀಗಿದೆ: ದಾವಾ ಸ್ವತ್ತಿನಲ್ಲಿ ವಾದಿಗೆ ಇಂತಿಷ್ಟು ಹಿಸ್ಸೆಯ ಹಕ್ಕಿದೆಯೆಂದು ಘೋಷಿಸಿದೆ, ಸರಸ-ನೀರಸವಾಗಿ ವಿಭಾಗಿಸಿ ಪ್ರತ್ಯೇಕ ಸ್ವಾಧೀನ ಪಡೆಯಲು ಅವರು ಅರ್ಹರು, ಅದರಂತೆ ಪ್ರಾಥಮಿಕ ಡಿಕ್ರಿ ತಯಾರಿಸತಕ್ಕದ್ದು. ಇಲ್ಲಿ ತೀರ್ಮಾನವಾಗಿರುವುದು ಪಾಲು ಎಷ್ಟು ಎಂಬುದು ಮಾತ್ರ. ಜಮೀನು 4 ಎಕರೆ 20 ಗುಂಟೆ ಎಂದಿಟ್ಟುಕೊಳ್ಳಿ. ಅಂದರೆ 180 ಗುಂಟೆ. ನಾಲ್ಕನೇ ಒಂದು ಹಿಸ್ಸೆಯಾದರೆ 45 ಗುಂಟೆ, ಅಂದರೆ 1 ಎಕರೆ 5 ಗುಂಟೆ. ಆದರೆ ಆ 45 ಗುಂಟೆ ಬಾವಿಯ ಪಕ್ಕದ್ದೋ, ಕಲ್ಲುಬಾಣೆಯದೋ, ರಸ್ತೆಗೆ ತಾಗಿದ್ದೋ ಎಂಬುದನ್ನು ಪ್ರಾಥಮಿಕ ಡಿಕ್ರಿ ಹೇಳುವುದಿಲ್ಲ. ‘ಸರಸ-ನೀರಸ’ ಎಂಬ ಹಳೆಯ ಮಾತು ಇರುವುದೇ ಅದಕ್ಕಾಗಿ: ಒಳ್ಳೆಯ ನೆಲವೂ ಕೆಟ್ಟ ನೆಲವೂ ಎಲ್ಲರಿಗೂ ಹೊಂದಿಕೆಯಾಗಿ ಬರುವಂತೆ ಹಂಚಬೇಕು. ಹೀಗೆ ಅಳೆದು, ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಹಾಕಿ, ನಕ್ಷೆ ಮಾಡಿ ಯಾರ ತುಂಡು ಯಾವುದೆಂದು ಗುರುತಿಸುವುದು ಎರಡನೆಯ ಹಂತ. ಚಕ್ಕುಬಂದಿಯೇ ಇಲ್ಲದ ಪಾಲನ್ನು ಪಹಣಿಗೆ ಏರಿಸಲು ಕಂದಾಯದವರಿಗೆ ದಾರಿಯಿಲ್ಲ. ಅವರು ‘ಫೈನಲ್ ಡಿಕ್ರಿ ತನ್ನಿ’ ಎಂದದ್ದರಲ್ಲಿ ತಪ್ಪಿಲ್ಲ.

ಈ ಎರಡನೆಯ ಹಂತಕ್ಕೆ ಹಾಕುವ ಅರ್ಜಿಯನ್ನೇ ಕೋರ್ಟಿನಲ್ಲಿ ‘ಎಫ್‌ಡಿಪಿ’ ಎನ್ನುತ್ತಾರೆ. ಅಂತಿಮ ಡಿಕ್ರಿಯ ನಡವಳಿ ಎಂದು ಅರ್ಥ. ಮನೆ, ನಿವೇಶನಗಳಾದರೆ ನ್ಯಾಯಾಲಯ ಒಬ್ಬ ಕಮಿಷನರರನ್ನು ನೇಮಿಸಿ ಸ್ಥಳಕ್ಕೆ ಕಳಿಸುತ್ತದೆ. ಸಾಮಾನ್ಯವಾಗಿ ಅವರು ವಕೀಲರೋ ಎಂಜಿನಿಯರರೋ ಆಗಿರುತ್ತಾರೆ. ಕಂದಾಯ ಕಟ್ಟುವ ಜಮೀನಾದರೆ ಸಂಹಿತೆಯ 54ನೇ ಕಲಮಿನಂತೆ ವಿಭಾಗದ ಕೆಲಸ ಜಿಲ್ಲಾಧಿಕಾರಿಗೆ ಅಥವಾ ಅವರು ನೇಮಿಸುವ ಗೆಜೆಟೆಡ್ ಅಧಿಕಾರಿಗೆ ಹೋಗುತ್ತದೆ. ಪ್ರಾಥಮಿಕ ಡಿಕ್ರಿಯಾದ ಮೇಲೆ ಪಕ್ಷಕಾರರು ಬೇರೆ ಅರ್ಜಿ ಹಾಕಲೆಂದು ಕಾಯದೆ ವಿಚಾರಣಾ ನ್ಯಾಯಾಲಯಗಳೇ ಅಂತಿಮ ಡಿಕ್ರಿಗೆ ಮುಂದುವರಿಯಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸೂಚಿಸಿದೆ. ನಿಮ್ಮದು ಅದಕ್ಕೆ ಬಹಳ ಹಿಂದಿನ ಡಿಕ್ರಿ. ಆದ್ದರಿಂದ ಅರ್ಜಿ ಹಾಕಿಸುವುದೇ ಸರಿ.

ಇನ್ನು 12 ವರ್ಷದ ಮಾತು. ಇದು ಅರೆಬರೆ ಸತ್ಯ, ಆದ್ದರಿಂದಲೇ ಇದಕ್ಕೆ ಹೆದರುವವರು ಹೆಚ್ಚು. ಕಾಲಪರಿಮಿತಿ ಕಾಯ್ದೆ, 1963ರ 136ನೇ ಅನುಚ್ಛೇದ 12 ವರ್ಷ ಎನ್ನುವುದು ಡಿಕ್ರಿಯ ಅಮಲ್ಜಾರಿಗೆ, ಅಂದರೆ ಜಾರಿಗೆ ತರಲು ಯೋಗ್ಯವಾದ ಡಿಕ್ರಿಯನ್ನು ಜಾರಿ ಮಾಡಿಸಿಕೊಳ್ಳುವುದಕ್ಕೆ. ವಿಭಾಗದ ಪ್ರಾಥಮಿಕ ಡಿಕ್ರಿ ಇನ್ನೂ ಆ ಸ್ಥಿತಿಗೆ ಬಂದಿರುವುದಿಲ್ಲ. ಕಾನೂನಿನ ಕಣ್ಣಿನಲ್ಲಿ ದಾವೆ ಇನ್ನೂ ಬಾಕಿ ಇದೆ. ಅಂತಿಮ ಡಿಕ್ರಿ ಮಾಡಿಕೊಡಿ ಎಂದು ಕೇಳುವ ಅರ್ಜಿ, ಬಾಕಿ ಇರುವ ದಾವೆಯಲ್ಲಿ ನ್ಯಾಯಾಲಯಕ್ಕೆ ಅದರ ಉಳಿದ ಕೆಲಸವನ್ನು ನೆನಪಿಸುವುದೇ ಹೊರತು ಹೊಸ ಬೇಡಿಕೆಯಲ್ಲ ಎಂದೂ, ಅದಕ್ಕೆ ಕಾಲಮಿತಿ ಅನ್ವಯಿಸದೆಂದೂ ಸುಪ್ರೀಂ ಕೋರ್ಟ್ 2009ರಲ್ಲಿ ಶುಭ್ ಕರಣ್ ಬುಬ್ನಾ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ಇನ್ನೂ ಹತ್ತು ವರ್ಷ ಟ್ರಂಕಿನಲ್ಲಿಡಬೇಡಿ. ಅಷ್ಟರಲ್ಲಿ ಪಾಲುದಾರರು ತೀರಿಕೊಂಡು ವಾರಸುದಾರರನ್ನು ಸೇರಿಸುತ್ತಾ ಹೋಗಬೇಕಾಗುತ್ತದೆ, ಜಮೀನು ಕೈ ಬದಲಾಗುತ್ತದೆ, ಕೆಲಸ ಇಮ್ಮಡಿಯಾಗುತ್ತದೆ. ಅಂತಿಮ ಡಿಕ್ರಿಯನ್ನು ಮುದ್ರಾಂಕ ಕಾಗದದ ಮೇಲೆ ಬರೆಸಬೇಕಾಗುತ್ತದೆ ಎಂಬುದೂ ತಿಳಿದಿರಲಿ. ಅದರ ಅಮಲ್ಜಾರಿಯ 12 ವರ್ಷ ಎಣಿಕೆಯಾಗುವುದು ಅಂತಿಮ ಡಿಕ್ರಿಯ ದಿನಾಂಕದಿಂದ. ಛಾಪಾ ಕಾಗದ ಕೊಟ್ಟ ದಿನದಿಂದ ಅಲ್ಲ.

ನಿಮ್ಮ ಪತ್ರದಲ್ಲಿ ಕೇಳದ, ಆದರೆ ಹೇಳಲೇಬೇಕಾದ ಮಾತೊಂದಿದೆ. ನಿಮ್ಮ ತಾಯಿಗೆ 2011ರಲ್ಲಿ ಎಷ್ಟು ಹಿಸ್ಸೆ ಕೊಟ್ಟಿದ್ದಾರೆಂದು ನೋಡಿ. ಅವರ ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ, ಆಗಿನ ಲೆಕ್ಕದಂತೆ ಪಿತ್ರಾರ್ಜಿತ ಜಮೀನನ್ನು ಮೊದಲು ತಂದೆ ಮತ್ತು ಗಂಡುಮಕ್ಕಳ ನಡುವೆ ಊಹೆಯಲ್ಲಿ ಹಂಚಿ, ತಂದೆಯ ಪಾಲಿನಲ್ಲಿ ಮಾತ್ರ ಮದುವೆಯಾಗಿ ಹೋದ ಮಗಳಿಗೆ ಭಾಗ ಕೊಡುತ್ತಿದ್ದರು. ಅಜ್ಜಿ ಮೊದಲೇ ತೀರಿಕೊಂಡು, ತಂದೆ, ಮೂವರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದ ಕುಟುಂಬವಾದರೆ ಮಗಳಿಗೆ ಬರುತ್ತಿದ್ದದ್ದು ಹದಿನಾರನೇ ಒಂದು. ಮೇಲಿನ 180 ಗುಂಟೆಯಲ್ಲಿ ಹನ್ನೊಂದೂಕಾಲು ಗುಂಟೆ. ಕರ್ನಾಟಕ 1994ರಲ್ಲಿಯೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದಿತ್ತಾದರೂ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದಿತು. ಅದರಂತೆ ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರಾಥಮಿಕ ಡಿಕ್ರಿ ಆಗಿಹೋಗಿದ್ದರೂ ಅಂತಿಮ ಡಿಕ್ರಿಯ ನಡವಳಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಡಬೇಕೆಂದೂ ಅದೇ ತೀರ್ಪಿನಲ್ಲಿದೆ. ಹಾಗಾದರೆ ಅದೇ ಕುಟುಂಬದಲ್ಲಿ ಮಗಳ ಪಾಲು ಹನ್ನೊಂದೂಕಾಲು ಗುಂಟೆಯಿಂದ 45 ಗುಂಟೆಗೆ ಏರುತ್ತದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ವಿಭಾಗ ಆಗಿಹೋಗಿದ್ದರೆ ಈ ಮಾತು ಅನ್ವಯಿಸದು. ‘ಫೈನಲ್’ ಆಗದೆ ಉಳಿದದ್ದು ಒಮ್ಮೊಮ್ಮೆ ಹೆಣ್ಣುಮಕ್ಕಳಿಗೆ ಅನುಕೂಲವಾಗಿ ಪರಿಣಮಿಸಿದೆ ಎಂಬುದು ವಿಚಿತ್ರವಾದರೂ ನಿಜ.

ಎದುರು ಪಕ್ಷದವರಿಗೂ ಒಂದು ಎಚ್ಚರಿಕೆ ಇದೆ. ಪ್ರಾಥಮಿಕ ಡಿಕ್ರಿಯ ವಿರುದ್ಧ ಸಕಾಲದಲ್ಲಿ ಮೇಲ್ಮನವಿ ಹಾಕದೆ, ಅಂತಿಮ ಡಿಕ್ರಿ ಬಂದ ಮೇಲೆ ನೋಡೋಣ ಎಂದು ಕುಳಿತವರು ಪ್ರಾಥಮಿಕ ಡಿಕ್ರಿಯೇ ತಪ್ಪೆಂದು ಆಮೇಲೆ ವಾದಿಸಲು ಬರುವುದಿಲ್ಲ. ಸಂಹಿತೆಯ 97ನೇ ಕಲಂ ಅದನ್ನು ತಡೆಯುತ್ತದೆ.

ಪ್ರಶ್ನೆ: ನನ್ನ ಮಗನ ಮೇಲಿದ್ದ ಹೊಡೆದಾಟದ ಪ್ರಕರಣದಲ್ಲಿ ‘ಸಂಶಯದ ಲಾಭ ನೀಡಿ ಖುಲಾಸೆ ಮಾಡಲಾಗಿದೆ’ ಎಂದು ತೀರ್ಪಾಗಿದೆ. ಅದೇ ಪುಟದಲ್ಲಿ ‘ಆರೋಪಿಯ ಜಾಮೀನು ಮುಚ್ಚಳಿಕೆ ರದ್ದುಪಡಿಸಲಾಗಿದೆ’ ಎಂದೂ ಇದೆ. ಜಾಮೀನು ರದ್ದಾದರೆ ಮತ್ತೆ ಹಿಡಿದುಕೊಂಡು ಹೋಗುತ್ತಾರೆಯೇ? ಸರ್ಕಾರಿ ನೌಕರಿಯ ಅರ್ಜಿಯಲ್ಲಿ ತನ್ನ ಮೇಲೆ ಯಾವ ಪ್ರಕರಣವೂ ಇರಲಿಲ್ಲ ಎಂದು ಅವನು ಬರೆಯಬಹುದೇ?

ಉತ್ತರ: ಮೊದಲ ಭಯ ಬಿಡಿ. ಪ್ರಕರಣ ನಡೆಯುತ್ತಿರುವಾಗ ಷರತ್ತು ಮುರಿದವನ ‘ಜಾಮೀನು ರದ್ದು’ ಮಾಡಿದರೆ ಅವನು ಜೈಲಿಗೆ ಹೋಗಬೇಕು. ಖುಲಾಸೆಯ ತೀರ್ಪಿನಲ್ಲಿ ರದ್ದಾಗುವುದು ‘ಮುಚ್ಚಳಿಕೆ’, ಅಂದರೆ ಕರೆದಾಗ ಹಾಜರಾಗುತ್ತೇನೆ, ತಪ್ಪಿದರೆ ಇಷ್ಟು ಹಣ ಕಟ್ಟುತ್ತೇನೆ ಎಂದು ಮಗನೂ ಅವನಿಗೆ ನಿಂತ ಜಾಮೀನುದಾರರೂ ಬರೆದುಕೊಟ್ಟ ಕಾಗದ. ಇನ್ನು ಹಾಜರಾಗುವ ಅಗತ್ಯವಿಲ್ಲವಾದ್ದರಿಂದ ಆ ಹೊಣೆಯಿಂದ ಅವರನ್ನು ಬಿಡಿಸಲಾಗಿದೆ. ಇಲ್ಲಿ ‘ರದ್ದು’ ನಿಮ್ಮ ಪಾಲಿಗೆ ಒಳ್ಳೆಯ ಸುದ್ದಿ. ಕೆಲವು ತೀರ್ಪುಗಳಲ್ಲಿ ಇದರ ಜೊತೆಗೆ, ಮೇಲಿನ ನ್ಯಾಯಾಲಯ ಕರೆದರೆ ಹಾಜರಾಗುವೆನೆಂದು ಆರು ತಿಂಗಳ ಅವಧಿಗೆ ಹೊಸ ಮುಚ್ಚಳಿಕೆ ಬರೆಸಿಕೊಳ್ಳುವುದೂ ಇದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 437ಎ ಕಲಮಿನಲ್ಲಿದ್ದ ಈ ನಿಯಮ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 481ನೇ ಕಲಮಿನಲ್ಲಿದೆ. ಅದೂ ಗಾಬರಿಪಡುವಂಥದ್ದಲ್ಲ. ‘ಮುದ್ದೆಮಾಲನ್ನು ಮೇಲ್ಮನವಿಯ ಅವಧಿ ಮುಗಿದ ನಂತರ ನಾಶಪಡಿಸತಕ್ಕದ್ದು’ ಎಂಬ ಸಾಲು ಇದ್ದರೆ, ಪೊಲೀಸರು ವಶಪಡಿಸಿಕೊಂಡು ಹಾಜರುಪಡಿಸಿದ್ದ ದೊಣ್ಣೆ, ಬಟ್ಟೆ ಮುಂತಾದ ವಸ್ತುಗಳ ಬಗ್ಗೆ ಆ ಮಾತು.

ಎರಡನೆಯದಕ್ಕೆ ಉತ್ತರಿಸುವ ಮೊದಲು ‘ಬಿಡುಗಡೆ’ ಎಂಬ ಪದದ ಬಗ್ಗೆ ನನ್ನದೊಂದು ತಕರಾರಿದೆ. ಜಾಮೀನಿನ ಮೇಲೆ ಹೊರಬಂದರೂ ಬಿಡುಗಡೆ, ವಿಚಾರಣೆಗೆ ಮೊದಲೇ ಆರೋಪದಿಂದ ಕೈಬಿಟ್ಟರೂ ಬಿಡುಗಡೆ, ವಿಚಾರಣೆ ಮುಗಿದು ನಿರ್ದೋಷಿ ಎಂದರೂ ಬಿಡುಗಡೆ, ಶಿಕ್ಷೆ ಮುಗಿಸಿ ಬಂದರೂ ಬಿಡುಗಡೆ. ಪತ್ರಿಕೆಗಳು ಈ ನಾಲ್ಕನ್ನೂ ಒಂದೇ ಪದದಲ್ಲಿ ಮುಗಿಸುತ್ತವೆ. ಕಾನೂನಿನಲ್ಲಿ ಇವು ಬೇರೆ ಬೇರೆ. ದೋಷಾರೋಪ ಪಟ್ಟಿಯಲ್ಲಿ ವಿಚಾರಣೆ ನಡೆಸುವಷ್ಟು ಆಧಾರವೇ ಇಲ್ಲವೆಂದು ಆರಂಭದಲ್ಲೇ ಕೈಬಿಡುವುದು ‘ಡಿಸ್ಚಾರ್ಜ್’. ಮುಂದೆ ಹೊಸ ಪುರಾವೆ ಸಿಕ್ಕರೆ ಮತ್ತೆ ಕ್ರಮಕ್ಕೆ ಅವಕಾಶ ಉಳಿದಿರುತ್ತದೆ. ವಿಚಾರಣೆಯ ನಂತರದ್ದು ‘ಖುಲಾಸೆ’. ಅದು ಮೇಲ್ಮನವಿಯಲ್ಲಿ ರದ್ದಾಗದಿದ್ದರೆ ಅದೇ ಆರೋಪಕ್ಕೆ ಮತ್ತೊಮ್ಮೆ ವಿಚಾರಣೆ ನಡೆಸುವಂತಿಲ್ಲ. ಹೈಕೋರ್ಟ್ ತನ್ನ ವಿಶೇಷ ಅಧಿಕಾರದಿಂದ ಪ್ರಕರಣವನ್ನೇ ತೆಗೆದುಹಾಕುವುದು ‘ಕ್ವಾಶ್’, ಕನ್ನಡದಲ್ಲಿ ಅದಕ್ಕೂ ‘ರದ್ದು’ ಎಂದೇ ಬರೆಯುತ್ತಾರೆ.

ನಿಮ್ಮ ಮಗನದು ಖುಲಾಸೆ. ಸಂಶಯದ ಲಾಭ ಎಂದು ಬರೆದಿರುವುದರಿಂದ ಅದು ಅರ್ಧ ಖುಲಾಸೆಯಾಗುವುದಿಲ್ಲ. ಆರೋಪವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತುಪಡಿಸುವ ಹೊಣೆ ಪ್ರಾಸಿಕ್ಯೂಷನ್‌ನದು, ಅದು ಸೋತಿತು ಎಂಬುದೇ ಅದರ ಅರ್ಥ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ‘ಗೌರವಯುತ ಖುಲಾಸೆ’ ಎಂಬ ಪದವೇ ಇರಲಿಲ್ಲ. ಆದರೆ ನೌಕರಿಯ ವಿಷಯಕ್ಕೆ ಬಂದಾಗ ವ್ಯತ್ಯಾಸ ತಲೆಯೆತ್ತುತ್ತದೆ. ಪ್ರಾಸಿಕ್ಯೂಷನ್ ಸಾಕ್ಷ್ಯವನ್ನೆಲ್ಲ ಪೂರ್ತಿಯಾಗಿ ಪರಿಶೀಲಿಸಿ, ಆರೋಪ ಸಾಬೀತುಪಡಿಸುವಲ್ಲಿ ಅದು ಸಂಪೂರ್ಣ ವಿಫಲವಾಯಿತೆಂದು ಕಂಡು ಬಿಟ್ಟರೆ ಅದನ್ನು ಗೌರವಯುತ ಖುಲಾಸೆ ಎನ್ನಬಹುದೆಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಪೊಲೀಸ್ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿತ್ತು. ಸಾಕ್ಷಿಗಳು ‘ಪ್ರತಿಕೂಲ’ರಾಗಿ, ಆಡುಮಾತಿನಲ್ಲಿ ಉಲ್ಟಾ ಹೊಡೆದು, ಪ್ರಕರಣ ಬಿದ್ದುಹೋದದ್ದನ್ನು ಆ ಸಾಲಿಗೆ ಸೇರಿಸಲಿಲ್ಲ. ಆದ್ದರಿಂದ ನೇಮಕ ಮಾಡುವವರು ತೀರ್ಪಿನ ಕೊನೆಯ ಸಾಲಿಗೆ ನಿಲ್ಲದೆ ಒಳಪುಟಗಳನ್ನೂ ಓದುತ್ತಾರೆ.

ಅರ್ಜಿಯಲ್ಲಿ ‘ಇರಲಿಲ್ಲ’ ಎಂದು ಖಂಡಿತ ಬರೆಯಬಾರದು. ನಮೂನೆ ಏನು ಕೇಳುತ್ತದೆ ಎಂದು ಅಕ್ಷರಶಃ ಓದಿ: ‘ಬಾಕಿ ಇದೆಯೇ’ ಎಂದು ಕೇಳಿದ್ದರೆ ಉತ್ತರ ಒಂದು, ‘ಎಂದಾದರೂ ದಾಖಲಾಗಿತ್ತೇ’ ಎಂದು ಕೇಳಿದ್ದರೆ ಇನ್ನೊಂದು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಕೇಳಿದ ಮಾಹಿತಿಯನ್ನು ಸತ್ಯವಾಗಿ ಕೊಡಬೇಕು, ಕೊಟ್ಟ ಮೇಲೂ ಪೂರ್ವಾಪರ ಪರಿಶೀಲಿಸುವ ಹಕ್ಕು ನೇಮಕಾತಿ ಮಾಡುವವರಿಗಿದೆ ಎಂದಿದೆ. ಹೇಳಿಕೊಂಡ ಹೊಡೆದಾಟಕ್ಕಿಂತ ಮುಚ್ಚಿಟ್ಟ ಹೊಡೆದಾಟವೇ ನೌಕರಿ ಕಳೆಯುವುದನ್ನು ಹೆಚ್ಚಾಗಿ ಕಂಡಿದ್ದೇನೆ. ತೀರ್ಪಿನ ಪ್ರಮಾಣೀಕೃತ ನಕಲನ್ನು ಅರ್ಜಿಯ ಜೊತೆಗೇ ಇಡಲಿ.

ಪ್ರಶ್ನೆ: ಗಡಿ ತಗಾದೆಯಲ್ಲಿ ಕೆಳಗಿನ ಕೋರ್ಟಿನಲ್ಲಿ ನಮ್ಮಂತೆ ಆಗಿತ್ತು. ಪಕ್ಕದ ಜಮೀನಿನವರು ಮೇಲಕ್ಕೆ ಹೋದರು. ಈಗ ‘ಮೇಲ್ಮನವಿಯನ್ನು ವಜಾ ಮಾಡಿ, ವಿಚಾರಣಾ ನ್ಯಾಯಾಲಯದ ತೀರ್ಪು ಮತ್ತು ಡಿಕ್ರಿಯನ್ನು ಸ್ಥಿರೀಕರಿಸಲಾಗಿದೆ, ಉಭಯತರರು ತಮ್ಮ ತಮ್ಮ ಖರ್ಚನ್ನು ಭರಿಸತಕ್ಕದ್ದು’ ಎಂದು ಬಂದಿದೆ. ವಜಾ ಎಂದರೆ ನಮ್ಮದು ಹೋಯಿತೆಂದು ಊರಿನಲ್ಲಿ ಹೇಳುತ್ತಿದ್ದಾರೆ.

ಉತ್ತರ: ಹೋದದ್ದು ಅವರದು. ನೌಕರಿಯಿಂದ ವಜಾ ಆಗುವುದನ್ನು ಕೇಳಿ ಕೇಳಿ ಆ ಪದದ ಮೇಲೆ ನಮಗೆ ಅಂಜಿಕೆ ಬಂದಿದೆ. ಇಲ್ಲಿ ವಜಾ ಆಗಿರುವುದು ಪಕ್ಕದವರು ಹಾಕಿದ ಮೇಲ್ಮನವಿ. ನಿಮ್ಮ ಡಿಕ್ರಿ ಸ್ಥಿರವಾಗಿ ನಿಂತಿದೆ. ಖರ್ಚಿನ ಸಾಲಿನ ಅರ್ಥ, ಕೋರ್ಟು ಶುಲ್ಕ, ವಕೀಲರ ಶುಲ್ಕಗಳಿಗಾಗಿ ಯಾರೂ ಯಾರಿಗೂ ಹಣ ಕೊಡಬೇಕಾಗಿಲ್ಲ ಎಂದು. ಇನ್ನು ಅವರು ಹೈಕೋರ್ಟಿಗೆ ಎರಡನೆಯ ಮೇಲ್ಮನವಿ ಹಾಕಬಹುದಾದರೂ, ಎರಡೂ ಕೋರ್ಟುಗಳು ಸಾಕ್ಷ್ಯ ನೋಡಿ ಒಂದೇ ಮಾತು ಹೇಳಿರುವುದರಿಂದ ಅಲ್ಲಿ ‘ಗಣನೀಯ ಕಾನೂನಿನ ಪ್ರಶ್ನೆ’ ಒಂದನ್ನು ತೋರಿಸದೆ ದಾರಿ ತೆರೆಯದು. ಬದು ಎಲ್ಲಿತ್ತು ಎಂಬುದು ಅಂಥ ಪ್ರಶ್ನೆಯಲ್ಲ.

ವಜಾ ಏಕೆ ಆಯಿತು ಎಂಬುದನ್ನೂ ನೋಡಬೇಕು. ವಾಯಿದೆಯ ದಿನ ಯಾರೂ ಹಾಜರಾಗದೆ ‘ಗೈರುಹಾಜರಿಗಾಗಿ ವಜಾ’ ಆದದ್ದನ್ನು ಸಕಾರಣ ತೋರಿಸಿ ಮತ್ತೆ ಕಡತಕ್ಕೆ ತರಿಸಬಹುದು. ‘ಹಿಂಪಡೆದಿದ್ದರಿಂದ ವಜಾ, ಹೊಸ ದಾವೆ ಹೂಡಲು ಅನುಮತಿ ಇದೆ’ ಎಂದಿದ್ದರೆ ಜಗಳ ಇನ್ನೂ ಮುಗಿದಿಲ್ಲ. ಮೇಲಿನ ಕೋರ್ಟು ‘ಮೇಲ್ಮನವಿ ಪುರಸ್ಕರಿಸಿ, ಹೊಸದಾಗಿ ವಿಚಾರಣೆಗೆ ಹಿಂದಿರುಗಿಸಿದೆ’ ಎಂದರೆ, ಅಂದರೆ ರಿಮ್ಯಾಂಡ್ ಮಾಡಿದರೆ, ಇಬ್ಬರೂ ಗೆದ್ದಿಲ್ಲ, ಇಬ್ಬರೂ ಸೋತಿಲ್ಲ.

ಪ್ರಶ್ನೆ: ನಮ್ಮಂಥದೇ ಸೇವಾ ವಿಷಯದಲ್ಲಿ ಹೈಕೋರ್ಟ್ ನೀಡಿದ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದ ‘ವಿಶೇಷ ಅನುಮತಿ ಅರ್ಜಿ’ ವಜಾ ಆಗಿದೆ. ಪತ್ರಿಕೆಯಲ್ಲಿ ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ’ ಎಂದು ಬಂದಿತ್ತು. ಇನ್ನು ದೇಶದ ಎಲ್ಲ ಕೋರ್ಟುಗಳೂ ಇದನ್ನು ಪಾಲಿಸಲೇಬೇಕೆ?

ಉತ್ತರ: ಆ ತಲೆಬರಹ ಬಹುತೇಕ ಸಲ ತಪ್ಪಾಗಿರುತ್ತದೆ. ಸಂವಿಧಾನದ 136ನೇ ವಿಧಿಯಂತೆ (ಮೇಲೆ ಕಾಲಪರಿಮಿತಿ ಕಾಯ್ದೆಯಲ್ಲಿ ಬಂದ 136ಕ್ಕೂ ಇದಕ್ಕೂ ನಂಟಿಲ್ಲ) ಸುಪ್ರೀಂ ಕೋರ್ಟಿನ ಬಾಗಿಲಿಗೆ ಎರಡು ಹೊಸ್ತಿಲು. ಮೊದಲು ಮೇಲ್ಮನವಿ ಹಾಕಲು ಅನುಮತಿ ಕೊಡಿ ಎಂದು ಕೇಳಬೇಕು. ಅನುಮತಿ ಸಿಕ್ಕ ಮೇಲೆ ಮಾತ್ರ ಅದು ‘ಸಿವಿಲ್ ಮೇಲ್ಮನವಿ’ ಎಂಬ ಹೆಸರು ಪಡೆದು ವಿಚಾರಣೆಗೆ ಬರುತ್ತದೆ. ಕಾರಣ ಕೊಡದೆ ‘ಅರ್ಜಿ ವಜಾ’ ಎಂದು ಒಂದು ಸಾಲಿನಲ್ಲಿ ಹೇಳಿದರೆ, ಮೊದಲ ಹೊಸ್ತಿಲಲ್ಲೇ ಹಿಂದಕ್ಕೆ ಕಳಿಸಿದರು, ಈ ಪ್ರಕರಣದಲ್ಲಿ ನಾವು ಕೈಹಾಕುವುದಿಲ್ಲ ಎಂದರು ಎಂದಷ್ಟೇ ಅರ್ಥ. ಹೈಕೋರ್ಟ್ ಹೇಳಿದ ಕಾನೂನು ಸರಿಯೆಂದು ಅವರು ಮುದ್ರೆ ಒತ್ತಿಲ್ಲ. ಆ ತೀರ್ಪು ಹೈಕೋರ್ಟಿನ ತೀರ್ಪಾಗಿಯೇ ಉಳಿಯುತ್ತದೆ. ಕುಂಞಾಯಮ್ಮದ್ ಪ್ರಕರಣದಲ್ಲಿ 2000ದಲ್ಲಿ ಸ್ಪಷ್ಟಪಡಿಸಿದ್ದ ಈ ನಿಯಮವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಮತ್ತೆ ದೃಢಪಡಿಸಿತು. ಎರಡನೆಯದು ನಮ್ಮ ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಒಬ್ಬ ಕಕ್ಷಿಯಾಗಿದ್ದ ಪ್ರಕರಣ. ಅರ್ಜಿ ವಜಾ ಮಾಡುವಾಗ ಕಾನೂನಿನ ಬಗ್ಗೆ ಕಾರಣಸಹಿತ ಮಾತು ಹೇಳಿದ್ದರೆ ಆ ಮಾತಿಗೆ 141ನೇ ವಿಧಿಯ ಬಲ, ಅಂದರೆ ದೇಶದ ಎಲ್ಲ ಕೋರ್ಟುಗಳೂ ಪಾಲಿಸಲೇಬೇಕಾದ ಬಲ, ಬರುತ್ತದೆ. ಅನುಮ​ತಿ ಕೊಟ್ಟು, ಮೇಲ್ಮನವಿಯಾಗಿ ಕೇಳಿ, ನಂತರ ವಜಾ ಮಾಡಿದರೆ ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಲೀನವಾಗುತ್ತದೆ. ‘ಎತ್ತಿಹಿಡಿಯಿತು’ ಎಂಬ ಪದ ಒಪ್ಪುವುದು ಆಗ.

ಹಾಗೆಂದು ಆ ಪ್ರಕರಣದಲ್ಲಿ ಗೆದ್ದ ನೌಕರರಿಗೆ ನಷ್ಟವಿಲ್ಲ. ಅವರ ಮಟ್ಟಿಗೆ ಹೈಕೋರ್ಟಿನ ಆದೇಶವೇ ಕೊನೆಯದಾಯಿತು. ವಿಚಾರಣೆಯ ನಡುವೆ ನ್ಯಾಯಮೂರ್ತಿಗಳು ಆಡಿ, ಸುದ್ದಿವಾಹಿನಿಯ ಪಟ್ಟಿಯಲ್ಲಿ ಓಡಿದ ಮಾತುಗಳಿಗೆ ಮಾತ್ರ ಇಂಥ ಯಾವ ಬೆಲೆಯೂ ಇಲ್ಲ, ತೀರ್ಪಿನಲ್ಲಿ ಬರೆದಿರದಿದ್ದರೆ ಅವು ಗಾಳಿಗೆ ಹೋದವು.

ಪ್ರಶ್ನೆ: ‘ಉಭಯ ಪಕ್ಷಕಾರರೂ ಮುಂದಿನ ವಾಯಿದೆಯವರೆಗೆ ಯಥಾಸ್ಥಿತಿ ಕಾಪಾಡತಕ್ಕದ್ದು’ ಎಂಬ ಆದೇಶ ಹಿಡಿದುಕೊಂಡು ಎದುರು ಪಕ್ಷದವರು ನಮ್ಮ ಜಮೀನಿನಲ್ಲಿ ನಾವೇ ಉಳುಮೆ ಮಾಡದಂತೆ ತಡೆಯುತ್ತಿದ್ದಾರೆ. ಇದು ಸರಿಯೇ?

ಉತ್ತರ: ಯಾವ ಸ್ಥಿತಿ, ಯಾವ ದಿನದ್ದು, ಯಾವ ವಿಷಯದಲ್ಲಿ ಎಂಬುದನ್ನು ಹೇಳದ ಯಥಾಸ್ಥಿತಿ ಆದೇಶ ಜಗಳ ನಿಲ್ಲಿಸುವ ಬದಲು ಹೊಸ ಜಗಳ ಹುಟ್ಟಿಸುತ್ತದೆ. ಸ್ವಾಧೀನದಲ್ಲಿರುವವರು ಎಂದಿನಂತೆ ಬಿತ್ತಿ ಬೆಳೆಯುವುದೂ ಯಥಾಸ್ಥಿತಿಯ ಭಾಗವೇ ಎಂಬುದು ನಿಮ್ಮ ವಾದವಾದರೆ, ತಾವೇ ಸ್ವಾಧೀನದಲ್ಲಿರುವುದಾಗಿ ಅವರೂ ವಾದಿಸುತ್ತಾರೆ. ಹೊಲದ ಬದುವಿನ ಮೇಲೆ ನಿಂತು ಅರ್ಥ ಹೇಳುವುದು ಬೇಡ. ಆದೇಶ ಸ್ವಾಧೀನಕ್ಕೆ ಸಂಬಂಧಿಸಿದ್ದೋ, ಪರಭಾರೆಗೋ, ಕಟ್ಟಡಕ್ಕೋ ಎಂದು ಸ್ಪಷ್ಟಪಡಿಸುವಂತೆ ಅದೇ ನ್ಯಾಯಾಲಯದಲ್ಲಿ ಮಧ್ಯಂತರ ಅರ್ಜಿ ಹಾಕಿಸಿ. ಸ್ಪಷ್ಟನೆ ಬರುವ ಮೊದಲು ಹಟಕ್ಕೆ ಬಿದ್ದರೆ ತಡೆಯಾಜ್ಞೆ ಉಲ್ಲಂಘನೆಯ ಅರ್ಜಿ ನಿಮ್ಮ ಮೇಲೆ ಬರಬಹುದು; ಅದಕ್ಕೆ ಸ್ವತ್ತು ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಸೆರೆವಾಸ ಎರಡೂ ಸಾಧ್ಯ.

ಪ್ರಶ್ನೆ: ತೀರ್ಪು ಕನ್ನಡದಲ್ಲೇ ಇದ್ದರೆ ಈ ಕಷ್ಟವೇ ಇರುವುದಿಲ್ಲವಲ್ಲ?

ಉತ್ತರ: ಅರ್ಧ ಒಪ್ಪುತ್ತೇನೆ. ಮೇಲಿನ ಪತ್ರಗಳಲ್ಲಿ ಗೆರೆ ಎಳೆದ ಪದಗಳೆಲ್ಲ ಕನ್ನಡ ತೀರ್ಪುಗಳಲ್ಲೇ ಇದ್ದವು. ದಾವೆ, ವಕಾಲತ್ತು, ತಕರಾರು, ಅಮಲ್ಜಾರಿ, ಜಪ್ತಿ, ವಾಯಿದೆ ಇವೆಲ್ಲ ಪಾರ್ಸಿ-ಅರಬ್ಬಿ ಮೂಲದಿಂದ ಕಚೇರಿಯ ಮೂಲಕ ಬಂದು ನಮ್ಮವೇ ಆದವು; ಇವನ್ನು ತೆಗೆದು ಸಂಸ್ಕೃತದ ಹೊಸ ಪದ ಕೂರಿಸಿದಾಗಲೇ ಕಕ್ಷಿದಾರ ತಡವರಿಸುತ್ತಾನೆ. ಹೈಕೋರ್ಟಿನ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠವೊಂದು ಕನ್ನಡದಲ್ಲಿಯೂ ತೀರ್ಪು ಕೊಟ್ಟದ್ದು ದೊಡ್ಡ ಸುದ್ದಿಯಾದದ್ದು ಆ ಕಾರಣಕ್ಕೆ. ಮೇಲಿನ ನ್ಯಾಯಾಲಯಗಳ ಇಂಗ್ಲಿಷ್ ತೀರ್ಪುಗಳ ಕನ್ನಡ ಅನುವಾದಗಳು ಈಗ ಸಿಗುತ್ತಿವೆ. ವಿಷಯ ತಿಳಿಯಲು ಓದಿ, ಆದರೆ ಒಂದು ಪದದ ಮೇಲೆ ಹಕ್ಕು ನಿಂತಿದ್ದರೆ ಮೂಲವನ್ನೇ ನೋಡಿಸಿ.

ಪ್ರಶ್ನೆ: ತೀರ್ಪಿನ ನಕಲಿನ ಹಿಂಬದಿಯಲ್ಲಿ ಒಂದು ಮೊಹರು, ಅದರಲ್ಲಿ ಮೂರು ನಾಲ್ಕು ದಿನಾಂಕಗಳಿವೆ. ಅವು ಏನು?

ಉತ್ತರ: ಎಲ್ಲರೂ ಬಿಟ್ಟುಬಿಡುವ, ಆದರೆ ವಕೀಲರು ಮೊದಲು ತಿರುಗಿಸಿ ನೋಡುವ ಜಾಗ ಅದು. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ನೀವು ಪಡೆದುಕೊಂಡ ದಿನ ಅಲ್ಲಿರುತ್ತವೆ. ಮೇಲ್ಮನವಿಯ ಕಾಲಾವಧಿಯನ್ನು ಎಣಿಸುವಾಗ ತೀರ್ಪಿನ ದಿನವನ್ನೂ ನಕಲು ಪಡೆಯಲು ಅಗತ್ಯವಾದ ದಿನಗಳನ್ನೂ ಕಳೆಯಬೇಕೆಂದು ಕಾಲಪರಿಮಿತಿ ಕಾಯ್ದೆಯ 12ನೇ ಕಲಂ ಹೇಳುತ್ತದೆ. ಸಿವಿಲ್ ಡಿಕ್ರಿಯ ವಿರುದ್ಧ ಹೈಕೋರ್ಟಿಗೆ 90 ದಿನ, ಬೇರೆ ಮೇಲ್ಮನವಿ ನ್ಯಾಯಾಲಯಕ್ಕೆ 30 ದಿನ. ತೀರ್ಪು ಜೂನ್ 3ರಂದು ಬಂದು, ನೀವು 10ರಂದು ನಕಲಿಗೆ ಅರ್ಜಿ ಕೊಟ್ಟು, 24ರಂದು ನಕಲು ಸಿದ್ಧವಾಯಿತು ಎನ್ನೋಣ. ಮೂವತ್ತು ದಿನ ಜುಲೈ 3ಕ್ಕೆ ಮುಗಿಯಬೇಕಾಗಿತ್ತು. ನಕಲಿಗೆ ಹಿಡಿದ 15 ದಿನ ಸೇರಿ ಜುಲೈ 18ರವರೆಗೆ ಅವಕಾಶ ಸಿಗುತ್ತದೆ. ಸಿದ್ಧವಾದ ನಕಲನ್ನು ನೀವು ಜುಲೈ 5ರವರೆಗೆ ತೆಗೆದುಕೊಳ್ಳದೆ ಬಿಟ್ಟಿದ್ದರೆ ಆ ವಿಳಂಬ ನಿಮ್ಮ ಲೆಕ್ಕಕ್ಕೇ ಸೇರುತ್ತದೆ. ಜುಲೈ 18 ಭಾನುವಾರವಾಗಿದ್ದರೆ ಸೋಮವಾರ ಹಾಕಬಹುದು. ಅದೂ ದಾಟಿದ್ದರೆ ವಿಳಂಬ ಮನ್ನಿಸುವಂತೆ ಪ್ರತ್ಯೇಕ ಅರ್ಜಿ, ಪ್ರಮಾಣಪತ್ರ, ಒಂದೊಂದು ದಿನಕ್ಕೂ ಕಾರಣ. ಅವನ್ನು ಹುಡುಕುವ ಬದಲು ತೀರ್ಪು ಹೇಳಿದ ಸಂಜೆಯೇ ನಕಲಿನ ಅರ್ಜಿ ಕೊಟ್ಟುಬಿಡಿ.